ಅವ್ವನ ಅಣಬೆ ಪಲ್ಯ

ಈ ಮಳೆಗಾಲ ಮುಗಿಯುವುದರೊಳಗೆ ಅಣಬೆ ಗುರುತಿಸುವುದರಲ್ಲಿ ಇಡೀ ಗಜೇಂದ್ರಗಡಕ್ಕೇ ಪಂಡಿತನಾಗಬೇಕೆಂದು ಶಪಥ ಮಾಡಿದ್ದೆ! ಕಾರಣ, ನನ್ನ ನಾಲಿಗೆ. ಚಿಕ್ಕಂದಿನಲ್ಲಿ ನಾನು ಗುಡ್ಡದಿಂದ ಆರಿಸಿ ತಂದ ಅಣಬೆಗೆ ಗುರೆಳ್ಳು ಪುಡಿ ಹಾಕಿ ಅವ್ವ ಪಲ್ಯ ಮಾಡುತ್ತಿದ್ದಳು. ಅವ್ವ ಹೋದಳು, ಆ ರುಚಿಯೂ ಹೋಯಿತು. ಇನ್ನೊಮ್ಮೆ ಉಂಡೇ ತೀರಬೇಕು ಎಂದು ಈ ವಯಸ್ಸಿನಲ್ಲೂ ಜೀವ ಹಂಬಲಿಸುತ್ತಿತ್ತು.

ರಾಜೂರ ದಾರಿಯ ಗುಡ್ಡ ಹತ್ತಿ ಟವೆಲಿನ ತುಂಬ ಅಣಬೆ ತಂದೆ. ತಿನ್ನುವಂಥದೋ, ವಿಷದ್ದೋ? ಮೊಬೈಲಿನ ಮಹಾಗುರು ಅಪ್ಪಣೆ ಕೊಡಿಸಿದ: ಅಣಬೆಯ ಟೊಪ್ಪಿಗೆಯನ್ನು ಬಿಳಿ ಕಾಗದದ ಮೇಲೆ ಬೋರಲು ಇಟ್ಟು, ಬೆಳಿಗ್ಗೆ ಉದುರಿದ ಪುಡಿಯ ಬಣ್ಣ ನೋಡಬೇಕು. ನೇಕಾರನ ಮನೆಯಲ್ಲಿ ಕಾಗದಕ್ಕೆ ಬರ, ಬಟ್ಟೆಗೆ ಬರವೇ? ಹೆಂಡತಿ ಮಹೇಶ್ವರಿ ಮಗ್ಗದ ಮೇಲೆ ಆಗಷ್ಟೇ ಹೊಸ ಬಿಳಿ ಸೀರೆ ನೇಯಲು ಶುರುಮಾಡಿದ್ದಳು. ಅದರ ಮೇಲೆಯೇ ಸಾಲಾಗಿ ಬೋರಲು ಹಾಕಿದೆ!

ಬೆಳಿಗ್ಗೆ ಸೀರೆಯ ಮೇಲೆ ಕಂದು ಚಕ್ರಗಳು! ಒರೆಸಿದೆ, ಹರಡಿತು. ನೀರು ಹಚ್ಚಿ ತಿಕ್ಕಿದೆ, ಕಲೆ ಕಾಯಂ ಆಯಿತು. ಮಹೇಶ್ವರಿ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ. ಅಣಬೆಯನ್ನೆಲ್ಲ ತಿಪ್ಪೆಗೆ ಎಸೆದಳು. ಹಾಳಾದ ಮೊಳದಷ್ಟು ಬಟ್ಟೆಯನ್ನು ಕತ್ತರಿಸಿ, ಶಾಲಿನಂತೆ ನನ್ನ ಹೆಗಲಿಗೆ ಹೊದಿಸಿದಳು.

"ಪಂಡಿತರಿಗೆ ಸನ್ಮಾನರಿ."

ಸೀರೆ ನೇಯಲು ಹೇಳಿದ್ದ ಜಹೀದಾ ಟೀಚರಿಗೆ ಫೋನು ಮಾಡಿ, ನಿಮ್ಮ ಸೀರೆಯ ಮೇಲೆ ಅಣಬೆ ಎದ್ದಿದ್ದರಿಂದ ತಡವಾಗುತ್ತದೆ ಎಂದು ನಾನೇ ಹೇಳಬೇಕಾಯಿತು. ಅವರು ನಕ್ಕದ್ದು ಮಗ್ಗದ ಸದ್ದಿನಲ್ಲೂ ಕೇಳಿಸಿತು.

ಮಧ್ಯಾಹ್ನ ಅಳುಕುತ್ತಲೇ ಊಟಕ್ಕೆ ಕುಳಿತೆ. ಮೊದಲ ತುತ್ತಿಗೇ ಅವ್ವ ಕಣ್ಣೆದುರು ಬಂದಳು. ಒಲೆಯ ಮುಂದೆ ಕೂತು, ಸೆರಗಿನಿಂದ ಹೊಗೆ ಸರಿಸುತ್ತ, ನನ್ನ ತಾಟಿಗೆ ರೊಟ್ಟಿ ಹಾಕುವ ಅವ್ವ. ತಾಟಿನಿಂದ ತಲೆ ಎತ್ತಿ ಮಹೇಶ್ವರಿಯನ್ನು ಕೂಗಿದೆ.

"ಇದ ನೋಡು ಅವ್ವನ ಪಲ್ಯ! ಚಲೋ ಅಣಬಿ ಎಲ್ಲಿ ಸಿಕ್ಕವು?"

"ಅಣಬಿ ಅಲ್ರಿ, ಬದನಿಕಾಯಿ. ಸಿಪ್ಪಿ ತಗದೀನಿ."

"ಮತ್ತ ರುಚಿ?"

"ಅತ್ತಿಯವರೂ ಹಿಂಗ ಮಾಡ್ತಿದ್ರು. ಅವರಿಗೆ ಅಣಬಿ ಗುರ್ತ ಹತ್ತತಿದ್ದಿಲ್ಲ, ವಿಷ ಇದ್ರ ಹ್ಯಾಂಗಂತ ಭಾಳ ಹೆದರಿಕಿ. ನೀವು ತಂದದ್ದು ತಿಪ್ಪಿಗೆ, ನಿಮ್ಮ ತಾಟಿಗೆ ಬದನಿಕಾಯಿ. ನನಗ ಅಡಗಿ ಕಲಿಸೂವಾಗ ಹೇಳಿದ್ರು, ಅವನ ಮುಂದ ಬಾಯಿ ಬಿಡಬ್ಯಾಡ ಅಂತ. ಅದಕ್ಕ ಇಷ್ಟ ದಿನ ಮಾಡಿದ್ದಿಲ್ಲ."

ಅಂದರೆ ಗಜೇಂದ್ರಗಡದ ಅಣಬೆ ಪಂಡಿತ ಹುಟ್ಟಿದಾಗಿನಿಂದ ಅಣಬೆಯನ್ನೇ ತಿಂದಿಲ್ಲ! ಸನ್ಮಾನದ ಶಾಲಿನಿಂದಲೇ ಕಣ್ಣೊರೆಸಿಕೊಂಡು ತಾಟು ಮುಂದೆ ಸರಿಸಿದೆ.

"ಇನ್ನೂ ಸ್ವಲ್ಪ ಅಣಬಿ ನೀಡು."