ಬೇರು ಹೊಟ್ಟೆಯಲ್ಲಿದೆ

ಅವತ್ತು ಬೆಳಿಗ್ಗೆ ರೇಣುಕಯ್ಯ ಫೋನನ್ನು ಕಿವಿಗೆ ಹಿಡಿದುಕೊಂಡು ಮಾತಾಡಿದ್ದರೆ ಯಾವ ರಗಳೆಯೂ ಆಗುತ್ತಿರಲಿಲ್ಲ. ಆದರೆ ಅವನ ಬೆರಳುಗಳು ನೆನೆಹಾಕಿದ ಅವರೆಕಾಳಿನ ಹಾಗೆ ಉಬ್ಬಿಕೊಂಡಿದ್ದವು. ಫೋನು ಹಿಡಿಯಲಾಗದೆ ಜಗಲಿಯ ಮೇಲಿಟ್ಟು, ಸ್ಪೀಕರ್ ಹಾಕಿ, ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತುಕೊಂಡ.

ರೇಣುಕಯ್ಯ ಬಡವನಹಳ್ಳಿಯಲ್ಲಿ ವಾಟರ್‌ಮನ್. ಬೀದಿಬೀದಿಯ ವಾಲ್ವ್ ತಿರುಗಿಸಿ ನಲ್ಲಿಗೆ ನೀರು ಬಿಡುವುದು ಅವನ ಕೆಲಸ. ಕಳೆದ ವರ್ಷದಿಂದ ಬೆಳಗಾದರೆ ಕೈ ಮರಗಟ್ಟಿರುತ್ತಿತ್ತು. ವಾಲ್ವ್‌ಗೂ ಅವನಿಗೂ ದಿನಾ ಕುಸ್ತಿ, ದಿನಾ ವಾಲ್ವೇ ಗೆಲ್ಲುವುದು. ತುಮಕೂರಿನ ಡಾಕ್ಟರು ಪರೀಕ್ಷೆ ಮಾಡಿ, ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಗೆಣ್ಣುಗಳನ್ನು ಹಾಳುಮಾಡುತ್ತಿದೆ ಎಂದು ತಿಳಿಸಿ ಮಾತ್ರೆ ಬರೆದುಕೊಟ್ಟಿದ್ದರು. ಒಂದಿನ ಏರುತ್ತೆ, ಒಂದಿನ ಇಳಿಯುತ್ತೆ, ಮಾತ್ರೆ ಕೆಲಸ ಮಾಡಲು ತಿಂಗಳುಗಳೇ ಬೇಕು, ತಾಳ್ಮೆ ಇರಲಿ ಎಂದಿದ್ದರು. ತಾಳ್ಮೆ ಅವನಿಗೆ ಇತ್ತು. ನೀರಿಗೆ ಕಾಯುವ ಬೀದಿಗೆ ಇರಲಿಲ್ಲ. ಹಾಗಾಗಿ ಮಧುಗಿರಿಯ ವನಜಾ ಮೇಡಂಗೂ ತೋರಿಸಿದ್ದ. ಅವರು ಆಹಾರ ತಜ್ಞೆ. ಇಂಥ ಕಾಯಿಲೆಗಳ ಮೂಲವನ್ನು ಊಟದಲ್ಲಿ ಹುಡುಕುವವರು.

"ರೇಣುಕಯ್ಯನವರೇ, ನೋವು ಕಾಣೋದು ಕೈಯಲ್ಲಿ. ಆದ್ರೆ ಬೇರು ಹೊಟ್ಟೆಯಲ್ಲಿರಬಹುದು," ಎಂದರು ವನಜಾ ಫೋನಿನಲ್ಲಿ. "ನೀವು ದಿನಾ ತಿನ್ನೋದರಲ್ಲಿ ಯಾವುದೋ ಒಂದು ನಿಮ್ಮ ಮೈಗೆ ವಿಷದ ಥರ ಆಗ್ತಿರಬಹುದು. ಅನುಮಾನ ಇರೋದನ್ನೆಲ್ಲ ಬಿಟ್ಟು, ಆಮೇಲೆ ಒಂದೊಂದಾಗಿ ತಿಂದು ನೋಡೋಣ. ಗೋಧಿ, ಹಾಲು, ಮೊಸರು, ಬದನೆಕಾಯಿ, ಟೊಮ್ಯಾಟೊ, ಕಡ್ಲೆಕಾಯಿ ಬೇಡ. ಮೊದಲು ಆ ಹೊರಗಡೆ ತಿಂಡಿ ನಿಲ್ಲಿಸಿ. ಡಾಕ್ಟ್ರ ಮಾತ್ರೆ ಮಾತ್ರ ಬಿಡಬೇಡಿ."

ಒಳಗೆ ಒಲೆಯ ಮುಂದಿದ್ದ ಹೆಂಡತಿ ಸಿದ್ದಗಂಗಮ್ಮನಿಗೆ ಇದೆಲ್ಲ ಕೇಳಿಸಲಿಲ್ಲ. ಬೇರು, ಹೊಟ್ಟೆ, ವಿಷ, ಹೊರಗಡೆ ತಿಂಡಿ, ಇಷ್ಟು ಕೇಳಿಸಿತು. ಅಷ್ಟು ಸಾಕಾಯಿತು.

"ನಾನಂದಿರಲಿಲ್ವಾ? ನಿಮಗೆ ಯಾರೋ ಮದ್ದಾಕವ್ರೆ," ಎನ್ನುತ್ತ ಸೌಟು ಹಿಡಿದೇ ಹೊರಗೆ ಬಂದಳು. ಆಗದವರು ಅನ್ನದಲ್ಲಿ ಗುಟ್ಟಾಗಿ ಬೆರೆಸುವ ಮದ್ದು ಹೊಟ್ಟೆಯಲ್ಲಿ ಬೇರುಬಿಟ್ಟು ಮನುಷ್ಯನನ್ನು ಒಣಗಿಸುತ್ತದೆಂದು ಅವಳು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವಳು.

"ಥೂ, ಅದಲ್ಲ ಕಣೇ. ಆಹಾರದ ವಿಚಾರ."

"ಮದ್ದನ್ನ ಮತ್ತೆ ಎದರಾಗೆ ಹಾಕ್ತಾರೆ? ಆಹಾರದಾಗೇ ಅಲ್ವಾ?"

ರೇಣುಕಯ್ಯ ಫೋನನ್ನು ಹೇಗೋ ಜೇಬಿಗೆ ತುರುಕಿದ. ವಾಲ್ವ್ ಕೀಲಿ ಕಂಕುಳಲ್ಲಿ ಇರುಕಿಕೊಂಡು ಹೊರಟ.

ಬೀದಿಯ ತಿರುವಿನಲ್ಲಿ ಪುಟ್ಟಕ್ಕನ ಮನೆ. ಗಂಡ ಹೋದ ಮೇಲೆ ಮನೆಯ ಮುಂದೆಯೇ ಒಲೆ ಹೂಡಿ ತಟ್ಟೆ ಇಡ್ಲಿ ಮಾರಿ ಮಗಳನ್ನು ಪಾವಗಡಕ್ಕೆ ಮದುವೆ ಮಾಡಿಕೊಟ್ಟ ಹೆಂಗಸು. ರೇಣುಕಯ್ಯನ ಬೆಳಗಿನ ತಿಂಡಿ ವರ್ಷಗಳಿಂದ ಅಲ್ಲೇ. ಅದು ಸಿದ್ದಗಂಗಮ್ಮನಿಗೆ ಎಂದೂ ಹಿಡಿಸಿರಲಿಲ್ಲ.

"ಬಾರ್ಲಾ ರೇಣುಕ, ಬಿಸಿ ಐತೆ," ಎಂದು ಪುಟ್ಟಕ್ಕ ಎಂದಿನಂತೆ ತಟ್ಟೆ ಚಾಚಿದಳು.

ರೇಣುಕಯ್ಯನಿಗೆ ಮೆತ್ತಗೆ ಹೇಳಬೇಕೆಂದಿತ್ತು. ಆದರೆ ಎದುರಿನ ಗಿರಣಿ ಗಡಗಡ ಸದ್ದು ಮಾಡುತ್ತಿದ್ದುದರಿಂದ ಕೂಗಿ ಹೇಳಬೇಕಾಯಿತು. "ಇವತ್ತಿಂದ ನಿನ್ನ ಇಡ್ಲಿ ಬ್ಯಾಡ ಪುಟ್ಟಕ್ಕ! ಹೊಟ್ಟೆಗೆ ಇಸ ಆಯ್ತದಂತೆ!"

ಅದೇ ಕ್ಷಣಕ್ಕೆ ಕರೆಂಟು ಹೋಗಿ ಗಿರಣಿ ನಿಂತಿತು. ಕೊನೆಯ ಮಾತು ಬೀದಿಯ ಆ ತುದಿಯವರೆಗೂ ಸ್ಪಷ್ಟವಾಗಿ ಕೇಳಿಸಿತು. ತಿನ್ನುತ್ತ ಕೂತವರ ಕೈ ಬಾಯಿಯ ಹತ್ತಿರವೇ ನಿಂತಿತು. ಒಬ್ಬ ಬಾಯಲ್ಲಿದ್ದುದನ್ನು ಮೆಲ್ಲಗೆ ಎಲೆಗೆ ಉಗಿದ.

ಕಟಿಂಗ್ ಶಾಪಿನ ಬೈಲಪ್ಪ ಅರ್ಧ ಬೋಳಿಸಿದ ಗಲ್ಲವನ್ನು ಹಾಗೇ ಬಿಟ್ಟು, ಕತ್ತಿ ಹಿಡಿದು ಓಡಿಬಂದ. "ಯಾರ್ ಹೇಳಿದ್ದು?"

"ಮಧುಗಿರಿ ಮೇಡಂ. ಬೇರು ಹೊಟ್ಟೇಲೈತೆ ಅಂದ್ರು."

"ನೋಡಿದ್ರಾ! ಓದಿದೋರಿಗೂ ತಿಳಿದೋಯ್ತು!"

ರೇಣುಕಯ್ಯ ವಿವರಿಸಲು ಹೊರಟಷ್ಟೂ ಹೂತುಹೋದ. ಮೇಲಿನ ಬೀದಿಯ ವಾಲ್ವ್ ತಿರುಗಿಸಿ ವಾಪಸಾಗುವ ಹೊತ್ತಿಗೆ ಸಿದ್ದಗಂಗಮ್ಮನೂ ನಲ್ಲಿಯ ಹತ್ತಿರ ಈ ಸುದ್ದಿಗೆ ತನ್ನ ಪಾಲು ಸೇರಿಸಿದ್ದಳು. ಜಗಲಿಯ ಮೇಲೆ ಗಿರಣಿಯ ಲಕ್ಷ್ಮಯ್ಯ ಲೋಟದ ತುಂಬ ಹಸಿರು ರಸ ಹಿಡಿದು ಕಾಯುತ್ತಿದ್ದ. ಯಾವ ಸೊಪ್ಪಿನದೆಂದು ಅವನಿಗೇ ಖಾತ್ರಿ ಇರಲಿಲ್ಲ. ಕಹಿಯಾಗಿತ್ತು, ಅದೇ ಅದರ ಯೋಗ್ಯತೆ.

"ಕುಡಿ. ಒಳಗಿರೋದು ಈಚೆ ಬರ್ತದೆ."

"ಲಕ್ಷ್ಮಯ್ಯಣ್ಣ, ಒಂಚೂರು ಕೇಳು..."

ಕೇಳುವವರು ಯಾರು? ಬೈಲಪ್ಪ ತಲೆ ಹಿಡಿದ, ಇನ್ನಿಬ್ಬರು ಕೈ ಹಿಡಿದರು. ಊದಿದ ಗೆಣ್ಣನ್ನೇ ಹಿಡಿದದ್ದರಿಂದ ರೇಣುಕಯ್ಯ ನೋವಿಗೆ ಬಾಯಿಬಿಟ್ಟ. ಬಿಟ್ಟ ಬಾಯಿಗೆ ರಸ ಇಳಿಯಿತು. ಮರುಗಳಿಗೆಯಲ್ಲಿ ಅವನು ಚರಂಡಿಯ ಅಂಚಿನಲ್ಲಿ ಬಗ್ಗಿ, ಕರುಳೇ ಈಚೆ ಬರುವಂತೆ ಕಾರಿಕೊಂಡ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಸುತ್ತ ನಿಂತವರು ಮಾತ್ರ ಅವನ ಮುಖ ನೋಡದೆ ಚರಂಡಿ ನೋಡುತ್ತಿದ್ದರು.

"ಅಗೋ! ಬೆಳ್ಳಗೆ!" ಎಂದು ಲಕ್ಷ್ಮಯ್ಯ ಕಡ್ಡಿಯಿಂದ ತೋರಿಸಿದ. ಅರ್ಧ ಕರಗಿದ ಬಿಳಿ ಚೂರೊಂದು ಅಲ್ಲಿತ್ತು.

"ಅಯ್ಯೋ, ಅದು ಈಗ ದಾರೀಲಿ ನುಂಗಿದ್ದು. ಡಾಕ್ಟ್ರು ಕೊಟ್ಟ ಮದ್ದು ಕಣ್ರಯ್ಯಾ!" ಎಂದು ರೇಣುಕಯ್ಯ ಏದುಸಿರಿನಲ್ಲಿ ಹೇಳಿದ.

"ಮದ್ದು ಅಂತ ಅವನೇ ಒಪ್ಕಂಡ," ಎಂದು ಬೈಲಪ್ಪ ತೀರ್ಪು ಕೊಟ್ಟ. ಉಳಿದ ಮಾತು ಯಾರಿಗೂ ಬೇಕಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪುಟ್ಟಕ್ಕನ ಒಲೆ ಆರಿತ್ತು. ಯಾರೋ ಹಿಟ್ಟಿನ ಪಾತ್ರೆಗೆ ಮಣ್ಣು ಸುರಿದು ಹೋಗಿದ್ದರು. ಅವಳು ಅದನ್ನು ತೊಳೆಯಲೂ ಇಲ್ಲ, ಚೆಲ್ಲಲೂ ಇಲ್ಲ. ಹೊಸಿಲ ಮೇಲೆ ಕೂತು ನೋಡುತ್ತಿದ್ದಳು. ಸಂಜೆ ರೇಣುಕಯ್ಯ ತೂರಾಡುತ್ತ ಅವಳ ಮುಂದೆ ಬಂದು ನಿಂತಾಗ ತಲೆಯೆತ್ತಿದಳು.

"ನಿಮ್ಮವ್ವ ಬಾಣಂತಿ ಆಗಿದ್ದಾಗ ನಿಂಗೆ ನೀರೆರೆದೋಳು ನಾನು. ನಿಂಗೆ ಮದ್ದಾಕಿದ್ನೇನ್ಲಾ ರೇಣುಕ?"

"ತಪ್ಪಾಯ್ತು ಪುಟ್ಟಕ್ಕ. ನಾನಂಗೆ ಅಂದಿರಲಿಲ್ಲ."

"ಅಂಗೆ ಅಂದಿರಲಿಲ್ಲ ಅಂತ ಅವರಿಗೆ ಹೇಳು. ನಂಗ್ಯಾಕೆ ಹೇಳ್ತೀಯ?"

ಆ ಮಾತು ಅವನಿಗೆ ನಾಟಿತು. ಊರಿಗೆ ಬಾಯಿಂದ ಹೇಳಿ ಪ್ರಯೋಜನವಿಲ್ಲ, ಉಂಡೇ ತೋರಿಸಬೇಕು ಎಂದುಕೊಂಡ. "ಏನೈತೋ ಎಲ್ಲಾ ಬಡಿಸು," ಎಂದು ಬೀದಿಯ ನಡುವೆಯೇ ಚಾಪೆ ಹಾಕಿಸಿ ಕೂತ. ಪುಟ್ಟಕ್ಕ ಬೇಡವೆಂದಳು. ಅವನು ಕೇಳಲಿಲ್ಲ. ಮನೆಯಲ್ಲಿ ಅವಳು ತನಗೆಂದು ಮಾಡಿಕೊಂಡಿದ್ದ ಬದನೆಕಾಯಿ ಪಲ್ಯ, ಟೊಮ್ಯಾಟೊ ಗೊಜ್ಜು, ಚಪಾತಿ, ಕಡ್ಲೆಕಾಯಿ ಚಟ್ನಿ, ಗಟ್ಟಿ ಮೊಸರು ಎಲ್ಲ ಬಂದವು. ವನಜಾ ಮೇಡಂ ಬೇಡವೆಂದದ್ದರಲ್ಲಿ ಒಂದೂ ತಪ್ಪಲಿಲ್ಲ. ಬೆಳಗಿನಿಂದ ಕಾರಿ ಕಾರಿ ಖಾಲಿಯಾಗಿದ್ದ ಹೊಟ್ಟೆಗೆ ಅವನು ಅವನ್ನೆಲ್ಲ ತುರುಕಿದ. ಬೀದಿ ಉಸಿರು ಬಿಗಿಹಿಡಿದು ನೋಡಿತು. ಉಂಡು ಎದ್ದ ಮೇಲೂ ಅವನು ಬೀಳದೆ ಇದ್ದುದರಿಂದ ಕೆಲವರಿಗೆ ನಿರಾಸೆಯಾದಂತೆ ಕಂಡಿತು.

"ನೋಡಿದ್ರಾ? ಇದರಾಗೆ ಏನೂ ಇಲ್ಲ," ಎಂದು ಕೂಗಿ ಮನೆಗೆ ಹೋಗಿ ಮಲಗಿದ. ನಾಳೆ ಕೈ ಎರಡರಷ್ಟು ಊದುತ್ತದೆ, ಊದಲಿ, ಪುಟ್ಟಕ್ಕನ ಒಲೆ ಹೊತ್ತಿದರೆ ಸಾಕು ಎಂದು ಸಮಾಧಾನ ಮಾಡಿಕೊಂಡ.

ಬೆಳಿಗ್ಗೆ ಎದ್ದಾಗ ಅವನ ಕೈ ಮುಷ್ಟಿ ಕಟ್ಟಿತು.

ಅವನೇ ನಂಬಲಿಲ್ಲ. ಬಿಚ್ಚಿದ, ಮತ್ತೆ ಕಟ್ಟಿದ. ತಿಂಗಳುಗಟ್ಟಲೆ ನುಂಗಿದ ಮಾತ್ರೆ ಕೊನೆಗೂ ಹಿಡಿದಿತ್ತೋ, ಕಾಯಿಲೆಯೇ ಒಂದು ದಿನ ರಜೆ ಹಾಕಿತ್ತೋ. ಯಾರ ಸಹಾಯವೂ ಇಲ್ಲದೆ ಅಂಗಿಯ ಗುಂಡಿ ಹಾಕಿಕೊಂಡ. ಹಾಕಿಕೊಳ್ಳುವಾಗ ಅವನಿಗೆ ಅಳು ಬಂತು. ಆ ಸಂತೋಷದಲ್ಲಿ ಹಿಂದಿನ ದಿನದ್ದೆಲ್ಲ ಮರೆತು, ಬೀದಿಗೆ ಹೋಗಿ ಒಂದೇ ಕೈಯಲ್ಲಿ ವಾಲ್ವ್ ತಿರುಗಿಸಿದ. ನಲ್ಲಿಗಳು ಬುಸ್ಸೆಂದವು.

ಕೊಡ ಹಿಡಿದವರು ನೀರು ನೋಡಲಿಲ್ಲ, ಅವನ ಕೈ ನೋಡಿದರು.

"ತೆಗೆದುಬುಟ್ಟವ್ಳೆ," ಎಂದ ಬೈಲಪ್ಪ ಪಿಸುದನಿಯಲ್ಲಿ. "ಉಣ್ಣಾಕಿಕ್ಕಿದ ನೆಪದಾಗೆ ತಾನೇ ಹಾಕಿದ್ದನ್ನ ತಾನೇ ತೆಗೆದುಬುಟ್ಟವ್ಳೆ. ಹಾಕ್ದೋರಿಗಲ್ದೆ ಇನ್ಯಾರಿಗೆ ತೆಗೆಯಾಕಾಯ್ತದೆ?"

ರೇಣುಕಯ್ಯನಿಗೆ ಆ ಪಿಸುಮಾತು ಕೇಳಿಸಿತು. ತಕ್ಷಣ ಕೈ ಸೊಟ್ಟ ಮಾಡಿ, ಮುಖ ಕಿವಿಚಿ, "ಅಯ್ಯಯ್ಯೋ ನೋವು! ನಿನ್ನೆಗಿಂತ ಜಾಸ್ತಿ ಆಗೈತೆ!" ಎಂದು ನರಳಿದ.

"ಅಂಗಾದ್ರೆ ರಾತ್ರಿ ಇನ್ನೊಂದ್ ಸಾರಿ ಹಾಕವ್ಳೆ," ಎಂದ ಲಕ್ಷ್ಮಯ್ಯ.

ರೇಣುಕಯ್ಯ ನರಳುವುದನ್ನು ನಿಲ್ಲಿಸಿದ. ನಿಲ್ಲಿಸಿದ್ದೂ ತಪ್ಪೆನಿಸಿ ಮತ್ತೆ ಶುರುಮಾಡಿದ. ನಡುವೆ ಎಲ್ಲೋ ಸುಮ್ಮನಾಗಿ ನಿಂತುಬಿಟ್ಟ. ಕೈ ಚೆನ್ನಾಗಿದೆ ಎಂದರೆ ಪುಟ್ಟಕ್ಕ ಮದ್ದು ಹಾಕಿ ತೆಗೆದ ಕಳ್ಳಿ, ಚೆನ್ನಾಗಿಲ್ಲ ಎಂದರೆ ಕೊಲೆಗಾತಿ.

ಪುಟ್ಟಕ್ಕ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಇಡ್ಲಿ ತಟ್ಟೆಗಳ ಗಂಟು. ಪಾವಗಡಕ್ಕೆ, ಮಗಳ ಮನೆಗೆ. ಯಾರೂ ಹೋಗೆನ್ನಲಿಲ್ಲ, ಇರೆಂದೂ ಅನ್ನಲಿಲ್ಲ. ಗಂಟಿನ ಭಾರಕ್ಕೆ ಅವಳ ಭುಜ ಒಂದು ಕಡೆಗೆ ವಾಲಿತ್ತು. ಬಸ್ ಸ್ಟಾಪಿನವರೆಗೂ ರೇಣುಕಯ್ಯ ಹಿಂದೆಯೇ ನಡೆದ. ಅಲ್ಲಿ ಗಂಟು ಇಸಿದುಕೊಳ್ಳಲು ಕೈ ಚಾಚಿದ.

ಪುಟ್ಟಕ್ಕ ಆ ಕೈಯನ್ನು ನೋಡಿದಳು. ಬೆರಳುಗಳು ನೆಟ್ಟಗಿದ್ದವು. ಒಂದು ಗಳಿಗೆ ಅವಳ ಮುಖ ಅರಳಿತು.

"ವಾಸಿ ಆಗೈತೆ ಅಲ್ವೇನ್ಲಾ?"

"ಹೂಂ."

"ಒಳ್ಳೇದಾಯ್ತು. ಮಡಿಕ್ಕ ಒಳೀಕೆ. ಜನ ನೋಡ್ತಾವ್ರೆ."

ಅವನು ಎರಡೂ ಕೈಗಳನ್ನು ಟವೆಲ್ಲಿನೊಳಗೆ ಸುತ್ತಿಕೊಂಡ. ಒಂದು ವರ್ಷದಲ್ಲಿ ಎಂದೂ ಇಷ್ಟು ಚೆನ್ನಾಗಿರದಿದ್ದ ಕೈಗಳು. ಮುದುಕಿ ತಾನೇ ಗಂಟನ್ನು ಎತ್ತಿ, ಒಂದು ಮೆಟ್ಟಿಲಿಗೆ ತಗುಲಿಸಿ, ಏದುತ್ತ ಬಸ್ಸು ಹತ್ತಿದಳು. ಅವನು ಟವೆಲ್ ಸುತ್ತಿದ ಕೈಗಳನ್ನು ಹೊಟ್ಟೆಗೊತ್ತಿಕೊಂಡು ನೋಡುತ್ತ ನಿಂತಿದ್ದ.

"ಪೀಡೆ ತೊಲಗ್ತು. ಇನ್ನು ನಿಂಗೆ ಪೂರ್ತಿ ವಾಸಿ ಆಯ್ತದೆ ಬುಡು," ಎಂದು ಬೈಲಪ್ಪ ಬೆನ್ನು ತಟ್ಟಿದ.

ಮಾರನೆಯ ಬೆಳಿಗ್ಗೆ ಬೆರಳುಗಳು ಮತ್ತೆ ಊದಿಕೊಂಡಿದ್ದವು. ರೇಣುಕಯ್ಯ ಮನೆ ಮುಂದಿನ ವಾಲ್ವಿನ ಹತ್ತಿರ ಕೂತು ಹಲ್ಲುಕಚ್ಚಿ ಒದ್ದಾಡುತ್ತಿದ್ದ. ನಿಜವಾದ ನರಳಾಟ ಕೇಳಿ ಬೈಲಪ್ಪ, ಲಕ್ಷ್ಮಯ್ಯ, ಕೊಡ ಹಿಡಿದ ನಾಲ್ಕಾರು ಹೆಂಗಸರು ಸುತ್ತ ಸೇರಿದರು. ಅವರ ಮುಖದಲ್ಲಿ ಗಾಬರಿ ಇತ್ತು. ಪುಟ್ಟಕ್ಕ ಊರಲ್ಲಿರಲಿಲ್ಲ.

"ನೋಡಿದ್ರಾ? ಇದು ಕಾಯಿಲೆ. ಅವಳು ಏನೂ ಮಾಡಿರಲಿಲ್ಲ," ಎಂದ ರೇಣುಕಯ್ಯ. ನೋವಿನ ನಡುವೆಯೂ ಅವನ ದನಿಯಲ್ಲಿ ಗೆಲುವಿತ್ತು.

"ಹೌದು ಕಣಯ್ಯ," ಎಂದು ಬೈಲಪ್ಪ ಮೊದಲ ಬಾರಿಗೆ ಒಪ್ಪಿಕೊಂಡ. "ಪಾಪ, ಪುಟ್ಟಕ್ಕ ಅಲ್ಲ." ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ. "ನಿನ್ನೆ ಎಲ್ಲಿ ಉಂಡೆ?"

"ಮನೇಲಿ."

"ಹೊರಗಡೆ ಏನೂ ತಿನ್ನಲಿಲ್ವಾ?"

"ಏನೂ ಇಲ್ಲ. ಮೂರು ಹೊತ್ತೂ ಮನೇದೇ."

ಲಕ್ಷ್ಮಯ್ಯ ಬೈಲಪ್ಪನ ಮುಖ ನೋಡಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ರೇಣುಕಯ್ಯನ ಹೆಗಲಿನಾಚೆ ನೋಡತೊಡಗಿದರು. ಬಾಗಿಲಲ್ಲಿ ಸಿದ್ದಗಂಗಮ್ಮ, ಮೇಡಂ ಬೇಡವೆಂದದ್ದನ್ನೆಲ್ಲ ಬಿಟ್ಟು ಬೇಯಿಸಿದ ಕುಂಬಳಕಾಯಿಯ ತಟ್ಟೆ ಹಿಡಿದು ನಿಂತಿದ್ದಳು.

"ಎಲ್ಲಾರೂ ಯಾಕಂಗೆ ನೋಡ್ತಿದೀರ?" ಎಂದಳು.