ಉಪವಾಸ ಬಿದ್ದ ಟ್ರಕ್ಕು

ಮೂರು ದಿನದಿಂದ ಆ ಮನೆಯ ಯಜಮಾನರಿಗೆ ಬದುಕೇ ಸಾಕಾಗಿ ಹೋಗಿತ್ತು. ಫರ್ನಿಚರ್ ಅಂಗಡಿಯ ಮಂಚ, ಬೀರುಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸುವುದು ಅವರ ಕಸುಬು. ಹಳೆಯ ಡೀಸೆಲ್ ಗಾಡಿ ಮಾರಿ ಕರೆಂಟಿನ ಟ್ರಕ್ಕು ತಂದು, ಅದಕ್ಕೆ ಮನೆಯಲ್ಲೇ ಚಾರ್ಜಿಂಗ್ ವ್ಯವಸ್ಥೆಯನ್ನೂ ಮಾಡಿಸಿದ್ದರು. ಸಂಜೆ ತಂತಿ ಸಿಕ್ಕಿಸಿದರೆ ಬೆಳಿಗ್ಗೆಗೆ ಹೊಟ್ಟೆ ತುಂಬಿರಬೇಕಾದ ಟ್ರಕ್ಕು ದಿನಾ ಹಸಿದುಕೊಂಡೇ ಏಳುತ್ತಿತ್ತು. ಪೇಟೆಯ ಚಾರ್ಜಿಂಗ್ ಸ್ಟೇಷನ್ನಿನ ಸಾಲಿನಲ್ಲಿ ಎರಡೆರಡು ಗಂಟೆ ಕೂತು ಅವರ ಸೊಂಟ ಹಿಡಿದುಕೊಂಡಿತ್ತು. “ನಾಳೆಯೂ ತಡವಾದ್ರೆ ಬೇರೆ ಗಾಡಿ ನೋಡ್ಕೋತೀನಿ ಕಣ್ರೀ” ಎಂದು ಅಂಗಡಿಯವರು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟರು.

ಮೊದಲ ದಿನ ತಪ್ಪು ತಂತಿಯದಾಗಿತ್ತು. ಎರಡನೆಯ ದಿನ ಎಲೆಕ್ಟ್ರಿಷಿಯನ್‌ನದು. ಪಾಪ, ಅವನು ಓಡಿಬಂದು ಸ್ವಿಚ್ಚು ಹಾಕಿ ಚಾರ್ಜರಿನ ಹಸಿರು ದೀಪ ತೋರಿಸಿದ್ದ.

“ನೋಡಿ ಸಾರ್, ಹಸಿದ ಕರು ಹಾಲು ಕುಡಿದ ಹಾಗೆ ಕುಡೀತಿದೆ. ಆದ್ರೂ ಈ ಸ್ವಿಚ್ಚಿಗೆ ಬೇರೆ ಪೆಟ್ಟಿಗೆ ಮಾಡಿ ಬೀಗ ಹಾಕೋಣ ಅಂತ ಚಾರ್ಜರ್ ಕೂರಿಸಿದ ದಿನಾನೇ ಬಡ್ಕೊಂಡೆ.”

“ಬೀಗ ಯಾಕಯ್ಯಾ? ನನ್ನ ಮನೆ ಸ್ವಿಚ್ಚೆಲ್ಲಾ ಒಂದೇ ಸಾಲಲ್ಲಿ ನನ್ನ ಕೈಗೆ ಸಿಗ್ಬೇಕು!”

ಈ ಹಟಕ್ಕೆ ಕಾರಣವಿತ್ತು. ಇಪ್ಪತ್ತೆರಡು ವರ್ಷಗಳಿಂದ ಅವರು ಆ ಮನೆಯ ವಿದ್ಯುತ್ ಸಂರಕ್ಷಣಾ ಮಹಾಮಂಡಲದ ಏಕೈಕ ಅಧ್ಯಕ್ಷರು. (ಚುನಾವಣೆ ನಡೆದದ್ದು ಯಾರಿಗೂ ನೆನಪಿಲ್ಲ.) ಊಟವಾದ ಮೇಲೆ ಕೋಣೆ ಕೋಣೆ ಸುತ್ತಿ ಸ್ವಿಚ್ಚು ಆರಿಸುವುದು ಅವರ ನಿತ್ಯಕರ್ಮ. ಒಳಗೆ ಮನುಷ್ಯರಿದ್ದಾರೆಯೇ ಎಂದು ಇಣುಕುವ ಪದ್ಧತಿ ಇರಲಿಲ್ಲ. ಬಚ್ಚಲುಮನೆಯ ಕತ್ತಲೆಯಿಂದ ಮಗಳು ಎಷ್ಟೋ ಸಲ ಕಿರುಚಿಕೊಂಡಿದ್ದಾಳೆ.

ಮೂರನೆಯ ದಿನದ ತಪ್ಪು, ಬೇರೆ ಯಾರೂ ಉಳಿಯದ ಕಾರಣ, ಹೆಂಡತಿಯ ಪಾಲಿಗೆ ಬಂತು.

“ನೀನೇ ಏನೋ ಮುಟ್ಟಿರ್ತೀಯ!”

“ನಾನ್ಯಾಕ್ರೀ ಮುಟ್ಲಿ? ಈ ಮನೇಲಿ ಸ್ವಿಚ್ಚು ಮುಟ್ಟೋ ಅಧಿಕಾರ ನಂಗೆಲ್ಲಿದೆ?”

“ಹಾಗಾದ್ರೆ ದೆವ್ವ ಬಂದು ಆರಿಸ್ತಾ?”

“ಇದ್ರೂ ಇರ್ಬಹುದು. ಇವತ್ತು ಊಟ ಆದ್ಮೇಲೆ ಹುಡುಕೋಣ ನಡೀರಿ.”

ಊಟವಾಯಿತು. ಯಜಮಾನರು ಆಕಳಿಸುತ್ತಾ ಸುತ್ತು ಹೊರಟರು; ಹೆಂಡತಿ, ಮಗಳು ಹಿಂದೆ ಹಿಂದೆ ಬಂದರು. ನಾಳೆ ಕೆಲಸವೇ ಹೋದರೆ ಟ್ರಕ್ಕಿಗೆ ತೆಗೆದ ಸಾಲದ ಕಂತಿನ ಗತಿಯೇನು ಎಂಬ ಚಿಂತೆಯಲ್ಲಿ ಅವರಿಗೆ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ. ಹಜಾರದ ಫ್ಯಾನು, ಟಕ್. ಅಡುಗೆಮನೆ, ಟಕ್. ಬಚ್ಚಲು, ಟಕ್. ಜಗುಲಿಯ ದೀಪ, ಟಕ್. ಅದರ ಪಕ್ಕದ್ದು, ಟಕ್.

“ಯಾರಪ್ಪನ ಮನೆ ಗಂಟು ಅಂತ ಉರಿಸ್ತಾರೋ ಏನೋ” ಎಂದು ಗೊಣಗಿ ಅವರು ಒಳಗೆ ತಿರುಗಿದರು. ಅಂಗಳದಲ್ಲಿ ಟ್ರಕ್ಕಿನ ಪಕ್ಕದ ಹಸಿರು ದೀಪ ಆರಿಹೋಗಿತ್ತು.

“ದೆವ್ವ ಸಿಕ್ತು ಕಣೇ” ಎಂದಳು ಹೆಂಡತಿ ಮಗಳಿಗೆ.

ಯಜಮಾನರು ತಮ್ಮ ಬಲಗೈಯನ್ನು ಬೇರೆಯವರ ಕೈಯೆಂಬಂತೆ ನೋಡಿಕೊಂಡರು. ಆಮೇಲೆ ಸದ್ದಿಲ್ಲದೆ ಹೋಗಿ ಸ್ವಿಚ್ಚು ಹಾಕಿದರು. ನಾಚಿಕೆಯಾಗಿತ್ತು; ಅದಕ್ಕಿಂತ ಹೆಚ್ಚಾಗಿ ಸುಸ್ತಾಗಿತ್ತು.

“ನಿಂಗೆ ಮೊದಲೇ ಗೊತ್ತಿತ್ತಾ?”

“ಮೊನ್ನೆಯಿಂದ ಅನುಮಾನ ಇತ್ತು. ಹೇಳೋಕೆ ಬಂದ್ರೆ, ‘ಕರೆಂಟಿನ ವಿಷಯ ನಿಂಗೇನು ಗೊತ್ತು’ ಅಂದ್ರಿ.”

ಮಹಾಮಂಡಲ ಆ ರಾತ್ರಿಯೇ ವಿಸರ್ಜನೆಯಾಯಿತು. ಮರುದಿನ ಟ್ರಕ್ಕಿನ ಹೊಟ್ಟೆ ನೂರಕ್ಕೆ ನೂರು ತುಂಬಿತ್ತು. ಅಂಗಡಿಯವರು ಬಾಗಿಲು ತೆಗೆಯುವ ಮೊದಲೇ ಯಜಮಾನರು ಅಲ್ಲಿ ನಿಂತಿದ್ದರು, ಕೆಲಸ ಉಳಿಯಿತು.

ಮಧ್ಯಾಹ್ನ ಮನೆಗೆ ಬಂದರೆ ಹಟ್ಟಹಗಲಲ್ಲಿ ಹಜಾರದ ಎರಡು ದೀಪ ಉರಿಯುತ್ತಿವೆ, ಖಾಲಿ ಕುರ್ಚಿಗಳಿಗೆ ಫ್ಯಾನು ಗಾಳಿ ಬೀಸುತ್ತಿದೆ.  ಅವರ ಕೈ ತಾನಾಗಿಯೇ ಗೋಡೆಯತ್ತ ಹೊರಟಿತು.

“ಅಪ್ಪಾ, ಕೈ!” ಎಂದಳು ಮಗಳು ಒಳಗಿನಿಂದ.

ಯಜಮಾನರು ಕೈಯನ್ನು ಜೇಬಿಗೆ ಹಾಕಿಕೊಂಡು, ಫ್ಯಾನಿನ ಕೆಳಗೆ ಹೋಗಿ ಕೂತರು. ಯಾರಾದರೂ ಕೂತರೆ ಗಾಳಿಯಾದರೂ ದಂಡವಾಗುವುದಿಲ್ಲವಲ್ಲ.