ಎಡಗಡೆ ಸ್ವಲ್ಪ ಒದ್ದೆ

ಎಲ್ಲದಕ್ಕೂ ಮೂಲ ಚಪ್ಪಲಿ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರ್ವೇಯರ ಮನೆ ಬಾಗಿಲಲ್ಲಿ ಏಳೆಂಟು ಜೊತೆ ಚಪ್ಪಲಿ, ಬೂಟು ಬಂದು ಬೀಳುತ್ತಿದ್ದವು. ಅವುಗಳ ಒಡೆಯರೆಲ್ಲ ಮಹಡಿ ಮೇಲಿನ ಹಲ್ಲಿನ ಡಾಕ್ಟರ ಮನೆಗೆ ಹೋಗುವವರು. ಹಲ್ಲು ನೋವಿಗಲ್ಲ, ರೆಕಾರ್ಡು ಕೇಳುವುದಕ್ಕೆ. ಚಪ್ಪಲಿಯ ದೂಳು ಮೇಲೆ ಬಂದರೆ ರೆಕಾರ್ಡಿನ ಗೆರೆಯೊಳಗೆ ಕೂರುತ್ತದೆಂದು ಡಾಕ್ಟರು ಎಲ್ಲರಿಗೂ ಕೆಳಗೇ ಬಿಚ್ಚಿಸುತ್ತಿದ್ದರು.

ಅವರನ್ನು ಸಂಗೀತಪ್ರೇಮಿಗಳೆಂದು ಕರೆದರೆ ಸಂಗೀತಕ್ಕೂ ಅವಮಾನ, ಪ್ರೇಮಕ್ಕೂ ಅವಮಾನ. ಹಾಡು ಯಾವುದು, ಹಾಡಿದವರು ಯಾರು ಎಂಬುದು ಅವರಿಗೆ ಬೇಕೇ ಇರಲಿಲ್ಲ. ಹಾಡುವವಳ ಹಿಂದೆ ಯಾರೋ ಕೆಮ್ಮಿದ್ದು ಕೇಳಿಸಿತೇ, ಕೇಳಿಸಿದ್ದರೆ ಕೆಮ್ಮಿದವನು ಕೂತಿದ್ದು ಕಿಟಕಿಯ ಕಡೆಗೋ ಬಾಗಿಲ ಕಡೆಗೋ ಎಂದು ಒಂದು ಗಂಟೆ ಜಗಳವಾಡಿ, ಕಾಫಿ ಕುಡಿದು, ತಮ್ಮದಲ್ಲದ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗುವ ಜನ.

ಸರ್ವೇಯರೇನು ಕಮ್ಮಿಯಲ್ಲ. ಅವರು ವಿಮೆ ಕಂಪನಿಯವರು. ಗುದ್ದಿಸಿಕೊಂಡ ಕಾರು, ಸುಟ್ಟ ಗೋದಾಮು, ನೆನೆದ ಬಟ್ಟೆಯ ಮೂಟೆ ಇವನ್ನೆಲ್ಲ ನೋಡಿ, ‘ಇದು ಮೊದಲೂ ಅಂಥಾ ಬಾಳುವ ವಸ್ತುವೇನಲ್ಲ’ ಎಂದು ಬರೆದು ಕೊಡುವುದು ಅವರ ಉದ್ಯೋಗ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ನಾಲಗೆ ಒಂದೇ ಕಡೆಗೆ ತಿರುಗುವುದನ್ನು ಕಲಿತಿತ್ತು. ಹೆಂಡತಿ ಹೊಸ ಪರದೆ ತಂದರೂ ಮೊದಲು ಮೂಲೆ ಎತ್ತಿ ಹೊಲಿಗೆ ನೋಡುತ್ತಿದ್ದರು.

ಮೂರು ತಿಂಗಳ ಹಿಂದೆ ಮಾವನವರು ತೀರಿಕೊಂಡು, ಅವರ ಹಳೆಯ ರೆಕಾರ್ಡ್ ಪ್ಲೇಯರೂ ಒಂದು ಪೆಟ್ಟಿಗೆ ರೆಕಾರ್ಡುಗಳೂ ಮನೆಗೆ ಬಂದಾಗ ಸರ್ವೇಯರು ಅದನ್ನೂ ಹಾಗೆಯೇ ಸುತ್ತು ಹಾಕಿ ನೋಡಿದರು. “ಸವಕಳಿ ಕಳೆದ್ರೆ ಉಳಿಯೋದು ಬರೀ ತೂಕ,” ಎಂದರು. ಹೆಂಡತಿ ರೆಕಾರ್ಡುಗಳ ಪೆಟ್ಟಿಗೆಯ ಮೇಲೆ ಕೂತುಬಿಟ್ಟದ್ದರಿಂದ ಅದು ಉಳಿಯಿತು. ಪ್ಲೇಯರನ್ನು ಮಾತ್ರ ಡಾಕ್ಟರಿಗೆ ಬಿಟ್ಟಿಯಾಗಿ ಕೊಟ್ಟು, ಅವರ ಗೆಳೆಯರ ಎದುರಿಗೇ, “ಈ ಕಾಲದಲ್ಲಿ ಇದನ್ನ ಕೇಳೋದು ಅಂದ್ರೆ, ಲಿಫ್ಟ್ ಇದ್ರೂ ಹಗ್ಗ ಹಿಡ್ಕೊಂಡು ಮೇಲೆ ಹತ್ತಿದ ಹಾಗೆ,” ಎಂದು ಭಾಷಣ ಮಾಡಿ ಬಂದಿದ್ದರು.

ಈ ಭಾನುವಾರ ಪೇಪರು ತರಲು ಬಾಗಿಲು ತೆರೆದವರು ಯಾರದೋ ಬೂಟಿಗೆ ಎಡವಿ ಗೋಡೆಗೆ ಹಣೆ ಕುಟ್ಟಿಕೊಂಡರು. ಇವತ್ತು ಒಂದು ಕೈ ನೋಡಿಯೇಬಿಡುತ್ತೇನೆಂದು ಆ ಬೂಟನ್ನೇ ಹಿಡಿದು ಮೆಟ್ಟಿಲು ಹತ್ತಿದರು. ಅರ್ಧ ಹತ್ತುವಷ್ಟರಲ್ಲಿ ಮೇಲಿನಿಂದ ಒಂದು ಹೆಣ್ಣುದನಿ ಕೇಳಿಸಿತು.

ಅವಳು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಂಡಳು. ಸರ್ವೇಯರೂ ತೆಗೆದುಕೊಂಡರು. ಇಷ್ಟು ಹತ್ತಿರದಿಂದ ತನಗಾಗಿ ಯಾರಾದರೂ ಹಾಡಿದ್ದು ಅವರಿಗೆ ನೆನಪಿರಲಿಲ್ಲ. ಕಣ್ಣಿಂದ ನೀರಿಳಿಯಿತು. ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ತಾನು ಆಡಿದ್ದೆಲ್ಲ ಶುದ್ಧ ತಪ್ಪು ಎಂದು ಗೊತ್ತಾಗಿ ನಾಚಿಕೆಯಾಯಿತು. ಆದರೆ ನಾಚಿಕೆ ಅವರಲ್ಲಿ ಬಹಳ ಹೊತ್ತು ಕೂರುವ ನೆಂಟನಲ್ಲ. ಅದು ಎದ್ದು ಹೋದ ಜಾಗದಲ್ಲಿ ಇನ್ನೊಂದು ಯೋಚನೆ ಬಂದು ಕೂತಿತು: ಅದು ನನ್ನ ಮಾವನ ಪ್ಲೇಯರು, ನನಗೆ ಬೇಕು.

“ಇದೇನ್ ಸಾರ್, ನನ್ನ ಬೂಟು ಇಟ್ಕೊಂಡು ಅಳ್ತಾ ಕೂತಿದೀರಿ?”

ಕೇಬಲ್ ಮಹಾಶಯ ಮೇಲಿನಿಂದ ಇಳಿದು ಬರುತ್ತಿದ್ದ. ತಂತಿ ನೆಲಕ್ಕೆ ತಾಗಿದರೆ ಹಾಡು ಮಂಕಾಗುತ್ತದೆಂದು ಮನೆತುಂಬ ತಂತಿಗಳನ್ನು ದಾರದಲ್ಲಿ ನೇತುಹಾಕಿದ್ದವನು. ಅದಕ್ಕೇ ಆ ಹೆಸರು. ಈಗ ಬಂದಿದ್ದು ಸರ್ವೇಯರ ಫ್ರಿಜ್ ಆಫ್ ಮಾಡಿಸುವುದಕ್ಕೆ. ಕೆಳಗಿನ ಮನೆಯ ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ಕರೆಂಟಿನಲ್ಲಿ ಹತ್ತಿ ಬಂದು ಹಾಡಿಗೆ ಸೇರುತ್ತದಂತೆ.

“ಅಳ್ತಿಲ್ಲ ರೀ. ಆ ಕರ್ಕಶಕ್ಕೆ ಕಣ್ಣಲ್ಲಿ ನೀರು ಬಂತು,” ಎಂದರು ಸರ್ವೇಯರು. ನಾಲಗೆ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತ್ತು.

“ಹಾಗಾದ್ರೆ ಒಳಗೆ ಬಂದು ಸರಿಯಾಗಿ ಕೂತು ಕೇಳಿ. ಆಮೇಲೆ ಮಾತಾಡಿ!” ಎಂದು ಕೇಬಲ್ ಅವರನ್ನು ರಟ್ಟೆ ಹಿಡಿದು ಎಳೆದೊಯ್ದ.

ಡಾಕ್ಟರ ಹಜಾರದ ಗೋಡೆಗೆಲ್ಲ ಸ್ಪಂಜು ಬಡಿದಿತ್ತು. ನಡುವೆ ಒಂದೇ ಕುರ್ಚಿ. ಅದರ ನಾಲ್ಕು ಕಾಲಿಗೂ ನೆಲದಲ್ಲಿ ಟೇಪಿನ ಗುರುತು. ಧ್ವನಿ ಸರಿಯಾಗಿ ಬಂದು ಸೇರುವುದು ಆ ಒಂದು ಜಾಗಕ್ಕೆ ಮಾತ್ರವಂತೆ. ಉಳಿದವರು ಗೋಡೆಗೆ ಒರಗಿ ತಮ್ಮ ಸರದಿಗೆ ಕಾಯುತ್ತಿದ್ದರು. ಎದುರಿಗೆ ದಪ್ಪ ಕಲ್ಲುಚಪ್ಪಡಿಯ ಮೇಲೆ ಮಾವನವರ ಪ್ಲೇಯರು. ಅದರ ಪಕ್ಕದಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಿಂತಿದ್ದವನು ಗಡಿಯಾರದಜ್ಜ.

ಅಜ್ಜ ಬೀದಿಯ ಕೊನೆಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಆ ಕೋಣೆಯಲ್ಲಿ ನಿಜವಾಗಿ ಏನಾದರೂ ಗೊತ್ತಿದ್ದವನು ಅವನೊಬ್ಬನೇ. ಮೂರು ಭಾನುವಾರ ಮಂಡಿಯೂರಿ ಕೂತು, ಚಪ್ಪಡಿಗೆ ಮಟ್ಟ ಹಿಡಿದು, ರೆಕಾರ್ಡಿನ ಮೇಲೆ ಓಡುವ ಮುಳ್ಳಿನ ಭಾರವನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ, ಅದು ಗೆರೆಯ ಮೇಲೆ ಕೂರುವ ಓರೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಆ ಹಳೆಯ ಡಬ್ಬಕ್ಕೆ ಜೀವ ತಂದಿದ್ದ. ಹೊಗಳಿಕೆ ಮಾತ್ರ ಚಪ್ಪಡಿ ಕೊಂಡುತಂದ ಡಾಕ್ಟರಿಗೆ ಹೋಗಿತ್ತು.

ಸರ್ವೇಯರನ್ನು ಕುರ್ಚಿಯಲ್ಲಿ ಕೂರಿಸಿದರು. ಅಜ್ಜ ಮುಳ್ಳನ್ನು ಇಳಿಸಿದ. ಐದು ನಿಮಿಷ ಸರ್ವೇಯರು ಸ್ವರ್ಗದಲ್ಲಿದ್ದರು. ಮುಖವನ್ನು ಮಾತ್ರ ಹೊಟ್ಟೆನೋವಿನವರ ಹಾಗೆ ಹಿಡಿದಿದ್ದರು. ಒಳಗೆ ಲೆಕ್ಕಾಚಾರ ನಡೆದಿತ್ತು. ಚೆನ್ನಾಗಿದೆ ಎಂದರೆ ಮರ್ಯಾದೆ ಹೋಯಿತು. ಮರ್ಯಾದೆ ಹೋದರೂ ಪ್ಲೇಯರು ಬರುವುದಿಲ್ಲ; ಹೊಗಳಿದ ವಸ್ತುವನ್ನು ಯಾರು ವಾಪಸು ಕೊಡುತ್ತಾರೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

“ಹೇಗಿದೆ?” ಎಂದರು ಡಾಕ್ಟರು, ಮದುವೆಗೆ ಹೆಣ್ಣು ತೋರಿಸುವ ತಂದೆಯ ಆತಂಕದಲ್ಲಿ.

ಸರ್ವೇಯರು ಕಣ್ಣು ಮುಚ್ಚಿ, ಬಾಯಿಗೆ ಬಂದದ್ದನ್ನು ಹೇಳಿದರು. “ಎಡಗಡೆ ಸ್ವಲ್ಪ ಒದ್ದೆ ಇದೆ.”

ಒದ್ದೆ ಎಂದರೇನು ಎಂದು ಒಬ್ಬನಾದರೂ ಕೇಳಬೇಕಲ್ಲ? ಕೇಳಿದರೆ ಕಿವಿ ಇಲ್ಲವೆಂದು ಒಪ್ಪಿಕೊಂಡ ಹಾಗೆ. ಕೇಬಲ್ ನಿಧಾನವಾಗಿ ತಲೆದೂಗಿದ. “ನಾನು ಹೇಳ್ಬೇಕು ಅಂತಿದ್ದೆ. ಬೇಜಾರಾಗುತ್ತೇನೋ ಅಂತ ಸುಮ್ನಿದ್ದೆ.”

“ಒದ್ದೆ ಅನ್ನೋದಕ್ಕಿಂತ ಪಸೆ,” ಎಂದರು ಗೋಡೆಗೆ ಒರಗಿದ್ದ ಕಾಲೇಜು ಮೇಷ್ಟ್ರು. ಎಲ್ಲದಕ್ಕೂ ಸರಿಯಾದ ಪದ ಹುಡುಕುವುದು ಅವರ ಚಟ. “ಕಳೆದ ವಾರ ಇಷ್ಟಿರಲಿಲ್ಲ.”

ಡಾಕ್ಟರ ಮುಖ ಬಿಳಿಚಿತು. ಕಿಟಕಿಯಲ್ಲಿದ್ದ ಎರಡು ಹೂಕುಂಡಗಳನ್ನು ಹೊರಗೆ ಹಾಕಿದರು. ಇನ್ನೊಂದು ಸಲ ಕೇಳಿದರು. ಈಗ ಒದ್ದೆ ಬಲಕ್ಕೆ ಹರಿಯುತ್ತಿದೆ ಎಂದ ಕೇಬಲ್. ಚಪ್ಪಡಿಯ ಕೆಳಗೆ ರಬ್ಬರು ಇಟ್ಟರು, ತೆಗೆದರು, ಚಪ್ಪಡಿಯನ್ನೇ ತಿರುಗಿಸಿದರು. ಸರ್ವೇಯರಿಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಖುಷಿ ಹತ್ತಿತು. ಸುಟ್ಟ ಗೋದಾಮಿನ ಮಾಲೀಕರೂ ಇಷ್ಟು ಬೇಗ ಬಗ್ಗಿದ್ದಿಲ್ಲ. ಗಡಿಯಾರದಜ್ಜ ಮಾತ್ರ ಭೂತಗನ್ನಡಿಯಲ್ಲಿ ಮುಳ್ಳನ್ನು ನೋಡಿದ, ತಲೆ ಎತ್ತಿ ಕೇಳಿದ, ಮತ್ತೆ ನೋಡಿದ.

ಬಿಸಿ ಇದ್ದಾಗಲೇ ಬಡಿಯಬೇಕೆಂದು ಸರ್ವೇಯರು ಎದ್ದು ನಿಂತರು. “ನೋಡಿ ಡಾಕ್ಟ್ರೇ, ಮುಳ್ಳು ಅಂದ್ರೆ ಮುಳ್ಳೇ. ಒಂದೊಂದು ಸಲ ಹಾಕಿದಾಗ್ಲೂ ಆ ರೆಕಾರ್ಡನ್ನ ಕೆರೀತಾ ಹೋಗುತ್ತೆ. ನೀವು ಕೇಳ್ತಿರೋದು ಹಾಡಲ್ಲ, ಹಾಡು ಸವೀತಿರೋ ಸದ್ದು! ಇದನ್ನ ಇಷ್ಟು ಶ್ರದ್ಧೆಯಿಂದ ಕೂರಿಸಿದವರಿಗೆ ಏನು ಹೇಳಲಿ? ನೇಣುಗಂಬಕ್ಕೆ ಪಾಲಿಷ್ ಮಾಡಿದ ಹಾಗಾಯ್ತು.”

ಕೇಬಲ್ ಕಿವಿಯನ್ನು ಮುಟ್ಟಿ ನೋಡಿಕೊಂಡ. ದಿನವಿಡೀ ಜನರ ಹಲ್ಲು ಕೊರೆಯುವ ಡಾಕ್ಟರಿಗೆ ಆ ಮಾತು ನೇರ ಎದೆಗೆ ತಾಗಿತು. ಅಜ್ಜ ಭೂತಗನ್ನಡಿ ತೆಗೆದು ಜೇಬಿಗೆ ಹಾಕಿಕೊಂಡು, ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋದ. ಸರ್ವೇಯರು ಅದನ್ನು ಗಮನಿಸಲಿಲ್ಲ.

ಮಧ್ಯಾಹ್ನ ಊಟ ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಡಾಕ್ಟರು. ಕಂಕುಳಲ್ಲಿ ಪ್ಲೇಯರು, ಅದರ ಮುಳ್ಳಿನ ತೋಳು ಮುರಿದ ರೆಕ್ಕೆಯ ಹಾಗೆ ತೂಗಾಡುತ್ತಿತ್ತು. “ತಗೊಳ್ಳಿ ಸಾರ್. ಇದನ್ನ ನೋಡಿದ್ರೆ ನಂಗೆ ಡ್ರಿಲ್ ಸದ್ದೇ ಕೇಳುತ್ತೆ. ನೀವು ಬೇಡ ಅಂದ್ರೆ ಗುಜರಿಗೆ ಹಾಕ್ತೀನಿ.”

“ಕಸ ವಾಪಸ್ ತರ್ತೀರಲ್ರೀ!” ಎಂದು ಸರ್ವೇಯರು ಮುಖ ಸಿಂಡರಿಸಿದರು. “ಏನ್ಮಾಡೋದು, ಇಡಿ. ಮಾವನ ನೆನಪಿಗೆ ಬಿದ್ದಿರ್ಲಿ.”

ಬಾಗಿಲು ಮುಚ್ಚಿದ್ದೇ ತಡ, ಮುಖ ಅರಳಿ ಮೊರದಗಲವಾಯಿತು. ಹೆಂಡತಿಯನ್ನು ಕರೆದು ಕೂರಿಸಿದರು. “ನಿಮ್ಮಪ್ಪನ ರೆಕಾರ್ಡ್ ಒಂದು ಕೊಡು. ಕಣ್ಣು ಮುಚ್ಕೊಂಡು ಕೇಳು, ಅಪ್ಪ ಪಕ್ಕದಲ್ಲೇ ಕೂತ ಹಾಗಿರುತ್ತೆ.”

“ನೀವಾ ಈ ಮಾತು ಹೇಳ್ತಿರೋದು?” ಎಂದರು ಆಕೆ. ಆದರೂ ಪೆಟ್ಟಿಗೆ ತೆರೆದು, ಅಪ್ಪ ದಿನಾ ಸಂಜೆ ಹಾಕುತ್ತಿದ್ದ ರೆಕಾರ್ಡನ್ನೇ ಹುಡುಕಿ, ಸೆರಗಿನಿಂದ ಒರೆಸಿ ಕೊಟ್ಟರು.

ಸರ್ವೇಯರು ಪ್ಲೇಯರನ್ನು ಬಟ್ಟೆ ಒಗೆಯುವ ಮೆಷಿನ್ನಿನ ಮೇಲಿಟ್ಟು ಮುಳ್ಳು ಇಳಿಸಿದರು. ಮುಳ್ಳು ಜಾರುಬಂಡೆಯಲ್ಲಿ ಜಾರಿದ ಹಾಗೆ ಸರ್ರೆಂದು ನಡುವಿಗೆ ಹೋಗಿ ನಿಂತಿತು. ಎರಡನೆಯ ಸಲ ಹಾಡುವವಳು ಬಾವಿಯೊಳಗಿಂದ ಗೊರಗೊರ ಎಂದಳು. ತೋಳಿನ ಮೇಲೆ ನಾಣ್ಯ ಇಟ್ಟರು, ಬಾವಿ ಇನ್ನೂ ಆಳವಾಯಿತು. ನಾಲ್ಕು ಗಂಟೆಯ ಹೊತ್ತಿಗೆ ತಿರುಗುವ ತಿರುಪುಗಳನ್ನೆಲ್ಲ ತಿರುಗಿಸಿ, ತಿರುಗಬಾರದ ಎರಡನ್ನೂ ತಿರುಗಿಸಿದ್ದರು.

“ಸಾಕು ಬಿಡಿ,” ಎಂದರು ಹೆಂಡತಿ. ಕಣ್ಣು ತುಂಬಿತ್ತು. “ಅಪ್ಪ ಹೀಗೆ ಕೇಳ್ತಿರಲಿಲ್ಲ.”

ಆ ಕೂದಲೆಳೆಯ ಲೆಕ್ಕ ಗೊತ್ತಿದ್ದವನು ಒಬ್ಬನೇ ಎಂಬುದು ಈಗ ಸರ್ವೇಯರ ತಲೆಗೆ ಹೋಯಿತು. ಚಪ್ಪಲಿ ಮೆಟ್ಟಿ ಬೀದಿಯ ಕೊನೆಗೆ ನಡೆದರು. ಬೇಕಾದರೆ ಕಾಲು ಹಿಡಿದಾದರೂ ಸರಿ, ಗುಟ್ಟಾಗಿ ಕರೆತರುವುದೆಂದು ನಿಶ್ಚಯಿಸಿದರು.

ಗಡಿಯಾರದಂಗಡಿ ಎಂದರೆ ಒಬ್ಬ ಕೂರುವಷ್ಟು ಗೂಡು. ಅಜ್ಜ ಇವರನ್ನು ಕಂಡದ್ದೇ ಎದ್ದು ನಿಂತು ತನ್ನ ಸ್ಟೂಲನ್ನೇ ಒರೆಸಿ ಕೊಟ್ಟ. “ನೀವೇ ಬಂದ್ರಾ ಸ್ವಾಮಿ? ನಾನೇ ಬರ್ಬೇಕು ಅಂತಿದ್ದೆ. ಬಹಳ ಉಪಕಾರ ಆಯ್ತು ನಿಮ್ಮಿಂದ.”

“ಉಪಕಾರನಾ?”

“ಕೋಣೆಯಲ್ಲಿ ಎಲ್ರಿಗೂ ಆ ಒದ್ದೆ ಕೇಳಿಸ್ತು. ನನಗೊಬ್ಬನಿಗೇ ಕೇಳಿಸಲಿಲ್ಲ. ಎಷ್ಟು ಸಲ ಕಿವಿಗೊಟ್ಟೆ, ಊಹೂಂ. ಆಗ ಗೊತ್ತಾಯ್ತು, ನನ್ನ ಕಿವಿ ಹೋಗಿದೆ. ಇಷ್ಟು ದಿನ ಯಾರೂ ಹೇಳಲಿಲ್ಲ ನೋಡಿ. ಕಿವಿ ಹೋದವನು ಮುಳ್ಳು ಕೂರಿಸಬಾರದು ಸ್ವಾಮಿ, ಪಾಪ ಬರುತ್ತೆ.” ಅಜ್ಜ ಖಾಲಿ ಡ್ರಾಯರು ಎಳೆದು ತೋರಿಸಿದ. “ತಕ್ಕಡಿ ಚಿನ್ನದಂಗಡಿಯವರಿಗೆ ಕೊಟ್ಟೆ. ಮುಳ್ಳಿನ ಓರೆ ಅಳೆಯೋಕೆ ಗೆರೆ ಹಾಕಿದ್ದ ಕಾಗದ ಎಲ್ಲ ಹರಿದೆ. ಇನ್ನು ಅದನ್ನ ಮುಟ್ಟಲ್ಲ ಅಂತ ಆಣೆ ಇಟ್ಕೊಂಡಿದೀನಿ.”

ಸರ್ವೇಯರು ಆ ಖಾಲಿ ಡ್ರಾಯರಿನೊಳಗೆ ಕೈಯಾಡಿಸಿ ನೋಡಿದರು. ಮುದುಕ ಗಡಿಯಾರದ ಪುಡಿಚಕ್ರಗಳನ್ನು ಅಂಗೈಯಲ್ಲಿ ಒಟ್ಟು ಮಾಡುತ್ತಿದ್ದ; ಆ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ಅದನ್ನು ನೋಡಿ ಅವರಿಗೆ ನಿಜವಾಗಿ ಸಂಕಟವಾಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ ಪೂರಾ ನಿಜ ಹೊರಟಿತು.

“ಅಜ್ಜಾ, ಒದ್ದೆ ಇರಲಿಲ್ಲ. ನಾನು ಸುಳ್ಳು ಹೇಳ್ದೆ. ಅಷ್ಟು ಚೆನ್ನಾಗಿರೋದನ್ನ ನಾನು ಹುಟ್ಟಿದಾಗಿಂದ ಕೇಳಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆ ಪ್ಲೇಯರ್ ನನಗೆ ಬೇಕಾಗಿತ್ತು, ಅದಕ್ಕೆ ಹಾಗಂದೆ. ಅವರೆಲ್ಲ ಕಿವುಡರು. ಕಿವಿ ಇದ್ದಿದ್ದು ನಿಮಗೊಬ್ಬರಿಗೇ. ಬನ್ನಿ, ಒಂದು ಸಲ ಕೂರಿಸಿಕೊಡಿ.”

ಅಜ್ಜ ಚಕ್ರಗಳನ್ನು ಡಬ್ಬಿಗೆ ಸುರಿದ. ಆಮೇಲೆ ಅವರ ಎರಡೂ ಕೈಗಳನ್ನು ಹಿಡಿದುಕೊಂಡ. ಕಣ್ಣಲ್ಲಿ ನೀರಾಡಿತು.

“ಎಂಥಾ ದೊಡ್ಡ ಮನಸ್ಸು ಸ್ವಾಮಿ ನಿಮ್ಮದು! ಮುದುಕ ನೊಂದ್ಕೊಂಡಾನು ಅಂತ ಸಮಾಧಾನ ಹೇಳೋಕೆ ಇಷ್ಟು ದೂರ ನಡ್ಕೊಂಡು ಬಂದ್ರಲ್ಲ.”

“ಸಮಾಧಾನ ಅಲ್ಲ ಅಜ್ಜಾ! ದೇವರಾಣೆಗೂ ನಿಜ!”

“ಬಿಡಿ ಸ್ವಾಮಿ,” ಎಂದು ಅಜ್ಜ ನಕ್ಕು ಅಂಗಡಿಯ ದೀಪ ಆರಿಸಿದ. “ನಿಮಗೆ ಸುಳ್ಳು ಹೇಳೋಕೆ ಬರಲ್ಲ. ಮುಖದಲ್ಲೇ ಗೊತ್ತಾಗುತ್ತೆ.”